ತುಳೀಬೇಡ ಬಂಗಾರ

ನೆಲ ಒರೆಸುವವರು ಹಿಂದಕ್ಕೆ ನಡೆಯುತ್ತಾರೆ. ಮುಂದಕ್ಕೆ ನಡೆದರೆ ಒರೆಸಿದ್ದನ್ನು ತಾವೇ ತುಳಿಯಬೇಕಾಗುತ್ತದೆ. ಹಿಂದಕ್ಕೆ ನಡೆಯುವವಳಿಗೆ ಬೆನ್ನ ಹಿಂದೆ ಯಾರಿದ್ದಾರೆ ಎಂದು ಕಾಣುವುದಿಲ್ಲ. ಎದುರಿಗೆ ಬರುವವರಿಗೆ ನೆಲ ಕಾಣುವುದಿಲ್ಲ, ಅವರ ಕಣ್ಣು ಫೋನಿನಲ್ಲಿರುತ್ತದೆ. ಅದಕ್ಕೇ ಈ ಕೆಲಸಕ್ಕೆ ಬಕೆಟ್ಟು, ಮಾಪು ಇದ್ದರೆ ಸಾಲದು. ಬಾಯಿಯೂ ಬೇಕು.

ನನ್ನ ಬಾಯಲ್ಲಿ ಇದ್ದದ್ದು ಒಂದೇ ಮಾತು. "ತುಳೀಬೇಡ ಬಂಗಾರ, ಇನ್ನೂ ಒದ್ದೆ ಇದೆ."

ಇದು ಮಾಲ್‌ನವರು ಕಲಿಸಿದ ಮಾತಲ್ಲ. ಅವರು ಕಲಿಸಿದ್ದು "ದಯವಿಟ್ಟು ಗಮನಿಸಿ ಸರ್, ನೆಲವನ್ನು ಶುಚಿಗೊಳಿಸಲಾಗುತ್ತಿದೆ." ಅಷ್ಟನ್ನು ಹೇಳಿ ಮುಗಿಸುವಷ್ಟರಲ್ಲಿ ಸರ್ ಬಿದ್ದಿರುತ್ತಾರೆ. ನನ್ನ ಮಾತು ಮನೆಯದು. ನಮ್ಮದು ಒಂದು ಕೋಣೆ, ಅದರ ಮೂಲೆಯಲ್ಲಿ ಅಡುಗೆ, ಗೋಡೆಗೆ ಒಂದು ಮಂಚ. ಇರುವವರು ನಾನು, ನನ್ನ ಮಗಳು. ಅವಳು ನಡೆಯಲು ಕಲಿತಾಗಿನಿಂದ ನಾನು ನೆಲ ಒರೆಸುವ ಮೊದಲು ಅವಳನ್ನು ಮಂಚದ ಮೇಲೆ ಹತ್ತಿಸಿ ಈ ಮಾತು ಹೇಳುತ್ತಿದ್ದೆ. ಅವಳು ಕಾಲು ಮೇಲಕ್ಕೆಳೆದುಕೊಂಡು ಕುಳಿತು ಕೇಳುತ್ತಿದ್ದಳು.

"ಒಣಗ್ತಾ ಅಮ್ಮಾ?"

"ಇಲ್ಲ."

"ಈಗ ಒಣಗ್ತಾ?"

"ಇಲ್ಲ ಬಂಗಾರ."

ಕಾಲೇಜಿಗೆ ಸೇರಿದ ಮೇಲೂ ಹಾಗೇ. ಹೆಗಲಿಗೆ ಬ್ಯಾಗು ಹಾಕಿಕೊಂಡು, ಮಂಚದ ಮೇಲೆ ಕಾಲು ಮಡಿಸಿ ಕುಳಿತಿರುತ್ತಿದ್ದಳು. ಬಸ್ಸು ತಪ್ಪಿದರೂ ಇಳಿಯುತ್ತಿರಲಿಲ್ಲ. ನಾನು ಒರೆಸಿದ ನೆಲವನ್ನು ಅದು ಒದ್ದೆಯಿರುವಾಗ ನನ್ನ ಮಗಳು ಒಮ್ಮೆಯೂ ತುಳಿದವಳಲ್ಲ. ಬೇರೆ ವಿಷಯದಲ್ಲಿ ನನ್ನ ಮಾತು ಅಷ್ಟೇನೂ ಕೇಳುವುದಿಲ್ಲ.

ಮಾಲ್‌ನಲ್ಲಿಯೂ ಯಾರ ಕಾಲು ಕಂಡರೂ ನನ್ನ ಬಾಯಿಂದ ಇದೇ ಬರುತ್ತಿತ್ತು. ದಪ್ಪ ಮೀಸೆಯವರಿಗೂ ಬಂಗಾರ, ಸೂಟು ಹಾಕಿದವರಿಗೂ ಬಂಗಾರ. ಒಮ್ಮೆ ಒಬ್ಬ ಪೊಲೀಸಿನವರಿಗೆ ಹಾಗೆಂದುಬಿಟ್ಟೆ. ಅವರು ನಾಚಿಕೊಂಡು ಗೋಡೆ ಬದಿಯಿಂದ ತುದಿಗಾಲಲ್ಲಿ ನಡೆದು ಹೋದರು. ಲಿಫ್ಟ್ ನಡೆಸುವವಳು ನನಗೆ ಗೆಳತಿ. ಎಲ್ಲರೂ ಅವಳನ್ನು ಲಿಫ್ಟಮ್ಮ ಎನ್ನುತ್ತಾರೆ. "ಅಕ್ಕಾ, ಸಿಕ್ಕಿದವರಿಗೆಲ್ಲ ಬಂಗಾರ ಹಂಚ್ತೀಯ. ನನ್ನ ಕಿವಿ ನೋಡು, ಬೋಳು ಬೋಳು" ಎನ್ನುತ್ತಿದ್ದಳು.

ಹಳದಿ ಬೂಟಿನ ಹುಡುಗ ಬಂದದ್ದು ಒಂದು ಮಧ್ಯಾಹ್ನ. ಎರಡನೇ ಮಹಡಿಯ ಉದ್ದನೆಯ ಓಣಿಯನ್ನು ಒರೆಸುತ್ತಿದ್ದೆ. ಅವನ ಜೊತೆಗಿದ್ದವನು ಫೋನು ಹಿಡಿದುಕೊಂಡಿದ್ದ. ಫೋನು ಹಿಡಿಯದವರು ಈಗ ಯಾರಿದ್ದಾರೆ, ನಾನು ಅದನ್ನು ತಲೆಗೆ ಹಚ್ಚಿಕೊಳ್ಳಲಿಲ್ಲ.

"ತುಳೀಬೇಡ ಬಂಗಾರ, ಇನ್ನೂ ಒದ್ದೆ ಇದೆ" ಎಂದೆ.

ಅವನು ತುಳಿದುಕೊಂಡು ಹೋದ. ನಾನು ಒರೆಸಿದೆ. ಅವನು ವಾಪಸ್ಸು ಬಂದ. ಏನನ್ನೋ ಮರೆತಿರಬೇಕು ಎಂದುಕೊಂಡು ಮತ್ತೆ ಹೇಳಿದೆ. ಮತ್ತೆ ತುಳಿದ. ಮತ್ತೆ ಒರೆಸಿದೆ.

"ಆಂಟಿ, ಸರಿಯಾಗಿ ಕೇಳಿಸ್ಲಿಲ್ಲ. ಇನ್ನೊಂದ್ಸಲ ಹೇಳಿ."

ಪಾಪ, ಕಿವಿ ಮಂದವಿರಬೇಕು ಎಂದುಕೊಂಡೆ. ಸೊಂಟ ನೇರ ಮಾಡಿ, ಅವನಿಗೆ ತುಟಿ ಕಾಣುವ ಹಾಗೆ ನಿಂತು ಜೋರಾಗಿ ಬಿಡಿಸಿ ಹೇಳಿದೆ. ಅವನು ಅದನ್ನೂ ತುಳಿದುಕೊಂಡು ಹೋದ.

ಅದಾದ ಕೆಲವು ದಿನಕ್ಕೆ ಲಿಫ್ಟಮ್ಮ ನನ್ನನ್ನು ಲಿಫ್ಟಿನೊಳಗೆ ಎಳೆದುಕೊಂಡು ಬಾಗಿಲು ಮುಚ್ಚಿದಳು. "ಅಕ್ಕಾ, ನೋಡ್ಬೇಡ ಅಂತ ಹೇಳೋಣ ಅಂದ್ಕೊಂಡೆ. ಆದ್ರೆ ಎಲ್ಲರೂ ನೋಡಿದಾರೆ, ನೀನೊಬ್ಬಳೇ ನೋಡಿಲ್ಲ" ಎಂದು ಫೋನು ಕೊಟ್ಟಳು.

ನಾನೇ ಇದ್ದೆ. ನನ್ನ ಮಾತನ್ನು ತುಂಡು ತುಂಡು ಮಾಡಿ ಹಾಡು ಕಟ್ಟಿದ್ದರು. ಅವನು ಹೆಜ್ಜೆ ಇಟ್ಟಾಗಲೆಲ್ಲ ಡೋಲು. ನಾನು ಬಗ್ಗಿದಾಗಲೆಲ್ಲ ಎಮ್ಮೆಯ ಕೂಗು. ಬಗ್ಗಿದ್ದನ್ನು ಹಿಂದಿನಿಂದ ದೊಡ್ಡದು ಮಾಡಿ ತೋರಿಸಿದ್ದರು. ಕೊನೆಯಲ್ಲಿ ನಾನು ಬಿಡಿಸಿ ಹೇಳುವಾಗ ಬರೀ ಬಾಯಿ, ಬರೀ ಹಲ್ಲು.

ಲಿಫ್ಟು ಮೇಲಕ್ಕೆ ಹೋಗಿ ಕೆಳಕ್ಕೆ ಬಂತು. ನಾನು ನಕ್ಕೆ. ಯಾಕೆ ನಕ್ಕೆನೋ ಗೊತ್ತಿಲ್ಲ. ಎಲ್ಲರೂ ನಗುವಾಗ ನಗಬೇಕು ಎಂದು ಮೈಗೆ ರೂಢಿಯಾಗಿದೆ.

ಮನೆಗೆ ಬಂದು ಪಾತ್ರೆಗಳನ್ನು ನೆನೆಯಲು ಬಿಟ್ಟು, ವಿಡಿಯೋದ ಕೆಳಗೆ ಜನ ಬರೆದದ್ದನ್ನೆಲ್ಲ ನನ್ನ ಫೋನಿನಲ್ಲಿ ಓದಿದೆ. ಒಬ್ಬರು ನನ್ನ ಹಲ್ಲಿನ ಬಗ್ಗೆ ಬರೆದಿದ್ದರು. ಹಲ್ಲು ಹಾಗೇ ಇರುವುದು ನಿಜ. ಒಬ್ಬರು ನನ್ನ ಬಣ್ಣವನ್ನು ಬಕೆಟ್ಟಿನ ನೀರಿಗೆ ಹೋಲಿಸಿದ್ದರು. ಅದು ಒರೆಸಿಯಾದ ಮೇಲಿನ ನೀರು. ಇಂಥವರನ್ನು ಒಳಗೆ ಬಿಟ್ಟವರು ಯಾರು ಎಂದು ಒಬ್ಬರು ಕೇಳಿದ್ದರು. ಇಂಥವರೂ ಹೆರುತ್ತಾರಾ ಎಂದು ಒಬ್ಬ ಹೆಂಗಸು ಕೇಳಿದ್ದಳು. ಅವಳ ಹೆಸರಿನ ಪಕ್ಕದ ಚಿತ್ರದಲ್ಲಿ ಕಂಕುಳಲ್ಲಿ ಮಗು ಇತ್ತು. ಚೆಂದದ ಮಗು.

ಓದಿ ಮುಗಿಯಲಿಲ್ಲ. ಪಾತ್ರೆಗಳು ನೆನೆದು ನೆನೆದು ತಣ್ಣಗಾದವು.

ಆಮೇಲೆ ಜನ ಬರತೊಡಗಿದರು. ನಾನು ಒರೆಸಿದ್ದನ್ನು ತುಳಿದು, ನನ್ನ ಬಾಯಿಂದ ಮಾತು ಹೊರಡಿಸಿ, ಅದನ್ನು ಫೋನಿಗೆ ಹಾಕುವುದು ಒಂದು ಪಂದ್ಯವಾಯಿತಂತೆ. ಸ್ನೇಹಿತರು ಬಂದರು, ಗಂಡಹೆಂಡಿರು ಬಂದರು. ಒಬ್ಬ ಅಪ್ಪ ಮಗಳನ್ನು ಹೆಗಲ ಮೇಲಿಂದ ಇಳಿಸಿ "ತುಳಿ ಪುಟ್ಟಾ, ಆಂಟಿ ಹೇಳ್ತಾರೆ ನೋಡು" ಎಂದ. ಕೂಸು ನನ್ನ ಮುಖ ನೋಡಿ ತುಳಿಯಲಿಲ್ಲ. ಅಪ್ಪನೇ ತುಳಿದ.

ಒಂದೇ ಓಣಿಯನ್ನು ಎಷ್ಟು ಸಲ ಒರೆಸಿದೆನೋ. ಬಕೆಟ್ಟು ಎತ್ತುವಾಗ ಭುಜದಲ್ಲಿ ಏನೋ ಲಟಕ್ ಎನ್ನುತ್ತಿತ್ತು. ಮಂಡಿ ಊದಿತು. ಅಂಗೈಯ ಬೊಬ್ಬೆ ಒಡೆದು ಫಿನಾಯಿಲ್ ಒಳಗೆ ಹೋಯಿತು. ಸೂಪರ್‌ವೈಸರನ್ನು ನಾವು ಸೀಟಿ ಎನ್ನುತ್ತೇವೆ. ಹೆಸರು ಹಿಡಿದು ಕರೆಯದೆ ದೂರದಿಂದಲೇ ಸೀಟಿ ಹೊಡೆಯುತ್ತಾರೆ. ಸೀಟಿ ಹೊಡೆದು ಕರೆದರು.

"ಏನಮ್ಮಾ ಇದು? ನೆಲಾನಾ, ಕೆಸರುಗದ್ದೇನಾ?"

"ತುಳೀತಾರೆ ಸರ್."

"ತುಳೀದೆ ಹಾರ್ಕೊಂಡು ಹೋಗ್ತಾರಾ? ಒರೆಸು."

ಸುಮ್ಮನಿದ್ದುಬಿಡೋಣ ಎಂದುಕೊಂಡೆ. ಬಾಯಿಗೆ ಬೀಗ ಹಾಕಿ, ತುಟಿಯಿಂದ ಹಲ್ಲು ಮುಚ್ಚಿಕೊಂಡು ಒರೆಸಿದೆ. ಆದರೆ ಅವರು ಹೋಗಲಿಲ್ಲ. "ಹೇಳಿ ಆಂಟಿ, ಎಷ್ಟು ದೂರದಿಂದ ಬಂದಿದೀವಿ" ಎಂದರು. ಒಬ್ಬ ಕೈಯಲ್ಲಿದ್ದ ಜ್ಯೂಸನ್ನು ನಿಧಾನವಾಗಿ ನೆಲಕ್ಕೆ ಸುರಿದ. "ಹೇಳಿದ್ರೆ ಹೋಗ್ತೀವಿ" ಎಂದ. ಬಹಳ ಮರ್ಯಾದೆಯಿಂದಲೇ ಹೇಳಿದ.

ಹೇಳಿದೆ. ಅವರು ಹೋದರು. ಜ್ಯೂಸು ಉಳಿಯಿತು.

ಇದರಿಂದ ಇನ್ನೊಂದು ಆಯಿತು. ಮನೆಯಲ್ಲಿ ನೆಲ ಒರೆಸುವಾಗ ಆ ಮಾತು ಬರಲಿಲ್ಲ. ನಾಲಿಗೆ ತುದಿಗೆ ಬರುತ್ತಿತ್ತು, ಜೊತೆಗೆ ಡೋಲೂ ಎಮ್ಮೆಯೂ ಬರುತ್ತಿದ್ದವು. ಸುಮ್ಮನೆ ಒರೆಸುತ್ತಿದ್ದೆ. ಮಗಳು ಮಂಚದ ಮೇಲೆ ಗೋಡೆಗೆ ಮುಖ ಮಾಡಿ ಮಲಗಿರುತ್ತಿದ್ದಳು. ಒಣಗಿತಾ ಎಂದು ಅವಳೂ ಕೇಳಲಿಲ್ಲ. ಕಾಲೇಜಿಗೆ ರಜೆ ಎಂದಳು. ನಾನು ನಂಬಿದೆ. ನನ್ನ ವಿಷಯ ಅವಳಿಗೆ ಗೊತ್ತಾಗಬಾರದು ಎಂದು ನಾನು ಫೋನು ಬಚ್ಚಿಡುತ್ತಿದ್ದೆ. ನನಗೆ ಗೊತ್ತಾಗಬಾರದು ಎಂದು ಅವಳು ಅವಳದನ್ನು ಬಚ್ಚಿಡುತ್ತಿದ್ದಳು. ಒಂದೇ ಕೋಣೆಯಲ್ಲಿ ನಾವಿಬ್ಬರೂ ಒಂದೇ ವಸ್ತುವನ್ನು ಬಚ್ಚಿಡುತ್ತಿದ್ದೆವು.

ಊಟದ ತಟ್ಟೆ ಹಾಗೇ ಉಳಿಯತೊಡಗಿದ ಮೇಲೆ ಪಕ್ಕದಲ್ಲಿ ಕುಳಿತು ಕೇಳಿದೆ.

"ರಜೆ ಯಾವಾಗ ಮುಗಿಯುತ್ತೆ?"

"ಮುಗಿಯಲ್ಲ."

"ಏನಾಯ್ತು ಹೇಳು."

ಗೋಡೆಗೇ ಹೇಳಿದಳು. "ನಾನು ಕ್ಲಾಸಿಗೆ ಹೋದ್ರೆ ಎಲ್ಲರೂ ಕಾಲೆತ್ತುತಾರೆ. ಒಟ್ಟಿಗೆ, ಬೆಂಚಿನ ಮೇಲಕ್ಕೆ. ನಾನು ಕೂತ್ಕೊಳ್ಳೋವರೆಗೂ ಇಳಿಸಲ್ಲ. ಮೇಷ್ಟ್ರು ನೋಡಿದ್ರು."

"ನೋಡಿ ಏನಂದ್ರು?"

"ನಗು ತಡ್ಕೊಂಡು ಬೋರ್ಡಿನ ಕಡೆ ತಿರುಗಿದ್ರು. ಬೆನ್ನು ಅಲ್ಲಾಡ್ತಾ ಇತ್ತು."

ನಾನು ಅವಳ ಕೂದಲಿಗೆ ಕೈ ಹಾಕಿದೆ. ಅವಳು ತಲೆ ಎಳೆದುಕೊಂಡಳು.

"ಅಮ್ಮಾ, ಅದು ನನಗೆ ಹೇಳೋ ಮಾತಲ್ವಾ? ಅವನಿಗ್ಯಾಕೆ ಹೇಳ್ದೆ?"

"ಬಾಯಿಗೆ ಬಂತು."

"ಬಾಯಿಗೆ ಬಂದಿದ್ದೆಲ್ಲ ಕೊಟ್ಬಿಡ್ತೀಯಾ?" ಎಂದಳು. ಆಮೇಲೆ ಸಾಮಾನು ತರಬೇಕು ಎನ್ನುವ ಧ್ವನಿಯಲ್ಲಿ ಹೇಳಿದಳು. "ನಾನು ಸತ್ರೆ ಅದಕ್ಕೂ ಹಾಡು ಹಾಕ್ತಾರೆ."

ನಾನು ಎದ್ದು ತಟ್ಟೆ ತೊಳೆದೆ. ಆಮೇಲೆ ಸ್ನಾನದ ಮನೆಯ ಫಿನಾಯಿಲ್ ಬಾಟಲಿಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಹೋಗಿ ಪಕ್ಕದ ಮನೆಯಲ್ಲಿ ಇಟ್ಟು ಬಂದೆ. ಪಕ್ಕದ ಮನೆಯಾಕೆ ಬಟ್ಟೆ ಹೊಲಿಯುವವಳು, ಬಾಯಿ ಬಡುಕಿ. ಅವತ್ತು ಯಾಕೆ ಎಂದು ಕೇಳಲಿಲ್ಲ. ಬಾಟಲಿಯನ್ನು ಮೇಲಿನ ಕಪಾಟಿನಲ್ಲಿಟ್ಟು, ತನ್ನ ದೊಡ್ಡ ಕತ್ತರಿಯನ್ನೂ ಅಲ್ಲೇ ಇಟ್ಟಳು. ಮಗಳು ಅವಳ ಮನೆಗೆ ಹೋಗಿ ಬಂದು ಮಾಡುವುದುಂಟು. ನಾನು ಕೆಲಸಕ್ಕೆ ಹೋದಾಗ ಆಕೆ ತನ್ನ ಹೊಲಿಗೆ ಯಂತ್ರವನ್ನು ನಮ್ಮ ಬಾಗಿಲ ಎದುರಿಗೆ ತಂದಿಟ್ಟುಕೊಂಡು ಹೊಲಿಯತೊಡಗಿದಳು. "ಇಲ್ಲಿ ಬೆಳಕು ಚೆನ್ನಾಗಿದೆ" ಎಂದಳು. ಅಲ್ಲಿ ಬೆಳಕೇ ಇಲ್ಲ.

ಠಾಣೆಗೆ ಹೋದೆ. ಮೇಜಿನ ಹಿಂದಿದ್ದವರು ಒಳ್ಳೆಯವರೇ, ಕೂರಲು ಹೇಳಿದರು.

"ಬೈದ್ರಾ?"

"ಇಲ್ಲ ಸರ್. ಬರೆದಿದಾರೆ."

"ಬರೆದೋರೆಲ್ಲ ಎಲ್ಲೆಲ್ಲಿ ಇರ್ತಾರೋ. ಆ ಹುಡುಗ ಹೊಡೆದ್ನಾ?"

"ಇಲ್ಲ."

"ಮುಟ್ಟಿದ್ನಾ?"

"ಇಲ್ಲ."

"ಮತ್ತೇನ್ ಮಾಡ್ದಮ್ಮಾ?"

"ತುಳಿದ."

"ನಿಮ್ಮನ್ನಾ?"

"ನೆಲಾನ."

ಅವರು ಪೆನ್ನು ಕೆಳಗಿಟ್ಟರು. ಪಕ್ಕದ ಮೇಜಿನಿಂದ ಡೋಲಿನ ಸದ್ದು ಬಂತು, ಯಾರೋ ತಟ್ಟನೆ ಆರಿಸಿದರು. ನಾನು ನಮಸ್ಕಾರ ಹೇಳಿ ಬಂದೆ.

ಆ ವಾರವೇ ಮ್ಯಾನೇಜರು ಕರೆಸಿದರು. ಅವರ ಕೋಣೆಗೆ ನಾನು ಹೋಗುತ್ತಿದ್ದದ್ದು ಒರೆಸಲಿಕ್ಕೆ, ಅವರು ಇಲ್ಲದಾಗ. ಕುರ್ಚಿಯ ಕೆಳಗೆ ಎಷ್ಟು ಧೂಳಿರುತ್ತದೆ ಎಂದು ಗೊತ್ತಿತ್ತು. ಕುರ್ಚಿಯ ಮೇಲೆ ಕುಳಿತದ್ದು ಅವತ್ತೇ ಮೊದಲು.

"ನೋಡಮ್ಮಾ, ನೀವೀಗ ದೊಡ್ಡ ಮನುಷ್ಯರಾಗ್ಬಿಟ್ರಿ" ಎಂದರು. "ನಿಮ್ಮಿಂದ ಜನ ಬರ್ತಿದಾರೆ. ಶನಿವಾರ ಸೇಲ್ ಶುರು. ಅದಕ್ಕೆ ಹೆಸರೇನಿಟ್ಟಿದೀವಿ ಗೊತ್ತಾ? 'ತುಳೀರಿ ಬಂಗಾರ!'" ಗೋಡೆಗೆ ಒರಗಿಸಿದ್ದ ಬೋರ್ಡು ತಿರುಗಿಸಿದರು. ಒಂದು ಹಳದಿ ಬೂಟು, ಅದರ ಕೆಳಗೆ ಬಗ್ಗಿದ ಹೆಂಗಸಿನ ಗೊಂಬೆ. ಗೊಂಬೆಯ ಹಲ್ಲುಗಳನ್ನು ಶ್ರಮವಹಿಸಿ ಬರೆದಿದ್ದರು.

"ಆ ಹುಡುಗನ್ನೂ ಕರೆಸ್ತಿದೀವಿ. ಕೆಳಗಡೆ ನಡುಮಧ್ಯೆ ನೀವು ಒರೆಸೋದು, ಅವನು ತುಳಿಯೋದು, ನೀವು ಮೈಕಲ್ಲಿ ಹೇಳೋದು. ಅಷ್ಟೇ."

"ಆ ವಿಡಿಯೋ ತೆಗೆಸೋಕೆ ಆಗುತ್ತಾ ಸರ್?"

"ಅಯ್ಯೋ, ಅದು ಜನರ ಪ್ರೀತಿ. ಅದನ್ನ ಯಾರು ತೆಗೆಸ್ತಾರೆ?" ಎಂದು ನಕ್ಕರು. "ಅಂದ ಹಾಗೆ ನಿಮಗೊಬ್ಬಳು ಮಗಳಂತೆ. ಕರ್ಕೊಂಡ್ಬನ್ನಿ. ಅವಳೂ ತುಳೀಲಿ. ತಾಯಿ ಮಗಳು ಅಂದ್ರೆ ಜನಕ್ಕೆ ಕಣ್ಣಲ್ಲಿ ನೀರು ಬರುತ್ತೆ."

"ಅವಳು ತುಳಿಯಲ್ಲ ಸರ್."

"ನಾಚಿಕೆನಾ?"

"ಇಲ್ಲ. ಅವಳು ತುಳಿಯಲ್ಲ."

"ಸರಿ, ನೀವಾದ್ರೂ ಬನ್ನಿ. ಬರಲ್ಲ ಅಂದ್ರೆ ನಾಳೆಯಿಂದ ಬರಲೇಬೇಡಿ" ಎಂದರು. ಅದನ್ನೂ ನಗುತ್ತಲೇ ಹೇಳಿದರು.

ಶನಿವಾರ ಹೋದೆ. ಕೆಲಸ ಬೇಕಲ್ಲ. ಮನಸ್ಸಿನಲ್ಲಿ ಏನೂ ಇರಲಿಲ್ಲ, ಸತ್ಯವಾಗಿ. ಒಂದೆರಡು ಸಲ ಹೇಳಿ, ಮುಗಿಸಿ, ಮನೆಗೆ ಬಂದು ಅಡುಗೆ ಮಾಡುವುದು ಎಂದಷ್ಟೇ ಇತ್ತು.

ಕೆಳಮಹಡಿಯಲ್ಲಿ ಹಗ್ಗ ಕಟ್ಟಿ ಚೌಕ ಮಾಡಿದ್ದರು. ಸುತ್ತ ಜನ, ಎಲ್ಲ ಮಹಡಿಯ ಕಟಕಟೆಗೂ ಜೋತುಬಿದ್ದ ಜನ, ಎಲ್ಲರ ಮುಖದ ಎದುರಿಗೂ ಫೋನು. ನನ್ನ ನೀಲಿ ಕೋಟಿಗೆ ಸಣ್ಣದೊಂದು ಮೈಕು ಸಿಕ್ಕಿಸಿದರು. ಹಳದಿ ಬೂಟಿನವನು ಬಂದ. ಬೂಟು ಹೊಸದು, ಹಿಂದಿನದಕ್ಕಿಂತ ಹಳದಿ.

"ಹಾಯ್ ಆಂಟಿ! ನಿಮ್ಮಿಂದ ನನ್ನ ಲೈಫೇ ಬದಲಾಗ್ಹೋಯ್ತು."

"ಕಿವಿ ಈಗ ಹೇಗಿದೆ?" ಎಂದೆ.

"ಯಾವ ಕಿವಿ?"

"ಅವತ್ತು ಕೇಳಿಸ್ಲಿಲ್ಲ ಅಂದ್ಯಲ್ಲ."

ಅವನು ಮ್ಯಾನೇಜರ ಮುಖ ನೋಡಿದ. ಜನ ನಕ್ಕರು. ಅವರು ಯಾವುದಕ್ಕಾದರೂ ನಗುವ ತಯಾರಿಯಲ್ಲಿದ್ದರು.

ಒರೆಸಿದೆ. ಹಿಂದಕ್ಕೆ ಹಿಂದಕ್ಕೆ ನಡೆಯುತ್ತ, ಮೂಲೆಯಿಂದ ಮೂಲೆಗೆ, ಒಂದು ಗೆರೆಯೂ ಉಳಿಯದ ಹಾಗೆ. ನೆಲ ಕನ್ನಡಿಯಾಯಿತು. ಅದರೊಳಗೆ ಎಲ್ಲ ಮಹಡಿಗಳೂ ತಲೆಕೆಳಗಾಗಿ ಕಂಡವು. ಅವನು ಹಗ್ಗ ದಾಟಿ ಅಂಚಿಗೆ ಬಂದು ಒಂದು ಕಾಲು ಎತ್ತಿದ. ಡೋಲು ಶುರುವಾಯಿತು. ಆಮೇಲೆ ನನಗೆ ಜಾಗ ಬಿಟ್ಟು ನಿಂತಿತು.

ಎಲ್ಲರೂ ಕಾದರು. ನಾನು ಆ ಎತ್ತಿದ ಕಾಲನ್ನು ನೋಡಿದೆ. ಒಂದು ಇಡೀ ತರಗತಿ ಒಟ್ಟಿಗೆ ಕಾಲೆತ್ತಿದರೆ ಹೇಗೆ ಕಾಣುತ್ತದೆ ಎಂಬುದು ಆಗ ಕಣ್ಣಿಗೆ ಬಂತು.

"ಹೇಳಿ ಆಂಟಿ" ಎಂದ.

"ಹೇಳಲ್ಲ."

ಮೈಕು ಅದನ್ನು ನಾಲ್ಕು ಮಹಡಿಗೂ ಹೇಳಿತು.

"ಹೇಳಿ, ಹೇಳಿ!" ಎಂದು ಮೇಲಿನಿಂದ ಕೂಗಿದರು. ಸೂಪರ್‌ವೈಸರ್ ಸೀಟಿಯೂ ಸೀಟಿ ಹೊಡೆದರು.

"ಹೇಳಲ್ಲ" ಎಂದೆ. "ಅದು ನಮ್ಮನೆ ಮಾತು. ನನ್ನ ಮಗಳಿಗೆ ಹೇಳೋದು. ಬಾಯಿ ತಪ್ಪಿ ನಿಮಗೂ ಕೊಟ್ಬಿಟ್ಟೆ. ಈಗ ಮನೇಲಿ ಇಲ್ಲ. ವಾಪಸ್ ಕೊಡಿ."

"ಏನಮ್ಮಾ ವಾಪಸ್ಸು?" ಎಂದು ಮ್ಯಾನೇಜರು ಹಲ್ಲು ಕಚ್ಚಿಕೊಂಡು ಕೇಳಿದರು.

"ಮಾತು ಸರ್. ತಗೊಂಡೋರೆಲ್ಲ ವಾಪಸ್ ಕೊಡಿ."

ಲಿಫ್ಟಮ್ಮ ಲಿಫ್ಟಿನ ಬಾಗಿಲಿಗೆ ಕಾಲು ಕೊಟ್ಟು ನಿಂತಿದ್ದಳು. "ಕೊಡ್ರೋ! ಅವಳದ್ದು ಅವಳಿಗೆ ಕೊಡ್ರೋ!" ಎಂದು ಕೂಗಿದಳು. ಬೇರೆ ಯಾರೂ ಕೂಗಲಿಲ್ಲ. ಹಳದಿ ಬೂಟಿನವನು ಒಂದೇ ಕಾಲಲ್ಲಿ ಕೊಕ್ಕರೆಯ ಹಾಗೆ ನಿಂತಿದ್ದ. ನಾನು ಬೇಡ ಎನ್ನದೆ ಅವನಿಗೆ ತುಳಿಯಲು ಬರುತ್ತಿರಲಿಲ್ಲ.

"ಸರ್, ತುಳೀಲಾ?" ಎಂದು ಮ್ಯಾನೇಜರನ್ನು ಕೇಳಿದ.

ಮ್ಯಾನೇಜರು ನನ್ನನ್ನು ನೋಡಿದರು. ನಾನು ಮಾಪು ಹಿಂಡಿದೆ. ನೀಲಿ ಕೋಟು ಬಿಚ್ಚಿ ಮಡಿಸಿ, ಮೈಕಿನ ಸಮೇತ ಬಕೆಟ್ಟಿನ ಹಿಡಿಕೆಯ ಮೇಲಿಟ್ಟೆ. ಗೋಡೆ ಬದಿಯಿಂದ ನಡೆದು ಹೊರಗೆ ಬಂದೆ. ಒದ್ದೆ ಇರುವಾಗ ಹಾಗೇ ನಡೆಯಬೇಕು.

ಕೆಲಸ ಹೋಯಿತು. ವಿಡಿಯೋ ಬಂತು. "ವಾಪಸ್ ಕೊಡಿ"ಗೂ ಹಾಡು ಹಾಕಿದರು. ಎಮ್ಮೆ ಅದೇ. ಕೆಳಗೆ ಬರೆದವರಲ್ಲಿ ಹಲ್ಲಿನವರು ಮತ್ತೆ ಬಂದಿದ್ದರು, ಕೊಬ್ಬು ನೋಡು ಇವಳಿಗೆ ಎನ್ನುವವರು ಹೊಸದಾಗಿ ಸೇರಿದ್ದರು. ನಡುವೆ ಯಾರೋ ಒಬ್ಬರು "ತಗೊಳ್ಳಿ ಅಮ್ಮಾ" ಎಂದಷ್ಟೇ ಬರೆದಿದ್ದರು. ಚಿತ್ರವಿರಲಿಲ್ಲ. ಯಾರೋ ಏನೋ.

ಮಗಳು ಗೋಡೆಗೆ ಮುಖ ಮಾಡಿಕೊಂಡೇ ಅದನ್ನು ನೋಡಿದಳು. ಸದ್ದು ಸಣ್ಣಗೆ ಇಟ್ಟಿದ್ದಳು. ಮುಗಿದ ಮೇಲೆ ಇನ್ನೊಮ್ಮೆ ಹಾಕಿದಳು. "ಹೇಳಲ್ಲ" ಎನ್ನುವುದು ಮತ್ತೆ ಮತ್ತೆ ಕೇಳಿಸಿತು. ಅವಳ ಬೆನ್ನು ಅಲ್ಲಾಡುತ್ತಿತ್ತು. ನಕ್ಕಳೋ ಅತ್ತಳೋ ಹಿಂದಿನಿಂದ ತಿಳಿಯಲಿಲ್ಲ. ತಟ್ಟೆ ಮಾತ್ರ ಖಾಲಿಯಾಗಿತ್ತು.

ಸೋಮವಾರ ಬೆಳಿಗ್ಗೆ ಕೆಲಸವಿಲ್ಲದ್ದರಿಂದ ಮನೆಯ ನೆಲವನ್ನೇ ಚೆನ್ನಾಗಿ ತಿಕ್ಕಿದೆ. ಬರೀ ನೀರು. ಬಾಟಲಿಯನ್ನು ವಾಪಸ್ಸು ಒಯ್ಯುತ್ತೀರಾ ಎಂದು ಪಕ್ಕದ ಮನೆಯಾಕೆ ಕೇಳಿದ್ದಳು. ಇನ್ನೂ ಸ್ವಲ್ಪ ದಿನ ಇರಲಿ ಎಂದಿದ್ದೆ. ಒಲೆಯ ಬದಿಯಿಂದ ಶುರು ಮಾಡಿ, ಮಂಚದ ಕೆಳಗೆ ಕೈ ಚಾಚಿ, ಹಿಂದಕ್ಕೆ ಸರಿಯುತ್ತ ಬಾಗಿಲಿಗೆ ಬಂದೆ. ತಲೆ ಎತ್ತಿದರೆ ಮಗಳು ಎದ್ದು ಕುಳಿತಿದ್ದಾಳೆ. ತಲೆ ಬಾಚಿದೆ. ಹೆಗಲಿಗೆ ಬ್ಯಾಗಿದೆ. ಕಾಲು ಮಂಚದಿಂದ ಇಳಿಬಿದ್ದಿದೆ.

ಬಾಯಿಂದ ಅದಾಗಿಯೇ ಬಂತು. ಡೋಲು ಬರಲಿಲ್ಲ.

"ತುಳೀಬೇಡ ಬಂಗಾರ, ಇನ್ನೂ ಒದ್ದೆ ಇದೆ."

ಅವಳು ನೆಲ ನೋಡಿದಳು. ನನ್ನನ್ನು ನೋಡಿದಳು. "ಬಸ್ಸು ಹೋಗುತ್ತಮ್ಮಾ" ಎಂದಳು. "ಇವತ್ತು ತುಳೀತೀನಿ."

"ಅವರು ಮತ್ತೆ ಕಾಲೆತ್ತಿದ್ರೆ?"

"ಎತ್ಕೊಂಡೇ ಇರ್ಲಿ. ಎಷ್ಟು ಹೊತ್ತು ಎತ್ತಿರ್ತಾರೆ? ನೋಯಲ್ವಾ?"

ಮಂಚದಿಂದ ಇಳಿದಳು. ಮೊದಲ ಹೆಜ್ಜೆಗೆ ಸ್ವಲ್ಪ ಜಾರಿತು, ಒಲೆಯ ಕಟ್ಟೆ ಹಿಡಿದುಕೊಂಡಳು. ನಾನು ಕೈ ಕೊಡಲು ಹೋಗಲಿಲ್ಲ. ನಡುನೆಲದಲ್ಲೇ ನಡೆದು ಬಂದು, ಬಾಗಿಲಲ್ಲಿ ನಿಂತಿದ್ದ ನನ್ನನ್ನು ಪಕ್ಕಕ್ಕೆ ಸರಿಸಿ, ಚಪ್ಪಲಿ ಮೆಟ್ಟಿಕೊಂಡು ಹೋದಳು. ಎದುರಿಗೆ ಹೊಲಿಗೆ ಯಂತ್ರ ನಿಂತಿತು. ಆಮೇಲೆ ಮತ್ತೆ ಓಡಿತು.

ನೆಲದ ಮೇಲೆ ಅವಳ ಅಂಗಾಲುಗಳಿದ್ದವು. ಹಿಮ್ಮಡಿ, ಬೆರಳು, ಎಲ್ಲ ಸ್ಪಷ್ಟ. ಮಂಚದಿಂದ ಬಾಗಿಲಿಗೆ ಬಂದವು, ಬಾಗಿಲಿನಿಂದ ಮಂಚಕ್ಕೆ ಹೋದದ್ದು ಒಂದೂ ಇರಲಿಲ್ಲ.

ಒರೆಸುವ ಬಟ್ಟೆಯನ್ನು ಹಿಂಡಿ ಹಗ್ಗಕ್ಕೆ ಹಾಕಿದೆ.